ಕಪ್ಪು ದಾರ, ಬಿಳಿ ದಾರ: ಹೆಣದ ಕೋಣೆಯ ಮಂಟಯ್ಯ

ಹೆಗ್ಗಡದೇವನಕೋಟೆಯಲ್ಲಿ ಸೂರ್ಯ ಹುಟ್ಟುವುದು ಮಂಟಯ್ಯ ಬೀಗ ತೆಗೆದ ಮೇಲೆಯೇ. ಆಸ್ಪತ್ರೆಯ ಹಿಂಬದಿಯ ಹೆಣದ ಕೋಣೆಯ ಬೀಗ ಅದು; ಗಾತ್ರದಲ್ಲಿ ಕುಂಬಳಕಾಯಿ. ಒಳಗಿನ ಥಂಡಿಗೆ ಗೋಡೆಯ ಹಲ್ಲಿಗಳಿಗೆ ವರ್ಷವಿಡೀ ನೆಗಡಿ. ಇಂಥ ಕಡೆ ಒಬ್ಬನೇ ಕಾವಲಿರುವವನಿಗೆ ಕಾಕನಕೋಟೆಯ ಹುಲಿಯೂ ದಾರಿ ಬಿಡಬೇಕು.

ಆದರೆ ಮಂಟಯ್ಯ ಹೆದರುವುದು ಹೆಸರಿನ ಚೀಟಿಗೆ.

ಇವತ್ತು ಬಾಗಿಲಲ್ಲಿ ಮಲ್ಲಿ ನಿಂತಿದ್ದಾಳೆ, ಕಾಡಂಚಿನ ಹಾಡಿಯವಳು. ಮರದ ಲಾರಿ ಮಗುಚಿದೆ, ಆಸ್ಪತ್ರೆಯಲ್ಲಿ ಗುಂಡ ಎಂಬ ಹೆಸರಿದೆ ಎಂದಷ್ಟೇ ಅವಳಿಗೆ ಬಂದ ಸುದ್ದಿ. ಗುಂಡ ಅವಳ ಗಂಡ.

“ಎಸ್ರು ಐತಾ ಮಂಟಣ್ಣ?”

“ಐತೆ ಕಣವ್ವ. ಯಾವ ದಾರ್ದಾಗೈತೆ ಅಂತ ನೋಡ್ಬೇಕು.”

ಈ ದಾರಕ್ಕೆ ಹಿಂದಿನ ಕಥೆಯಿದೆ. ಅರವತ್ತೆಂಟರಲ್ಲಿ ದಿಮ್ಮಿ ಉರುಳಿ ಕುಳ್ಳ ಎಂಬಾತ ಸತ್ತ. ಮುಖ ಗುರುತು ಸಿಗುವಂತಿರಲಿಲ್ಲ. ಗೆಳೆಯ ಜೋಗಯ್ಯ ಹೆಣವನ್ನು ಗಾಡಿಯಲ್ಲಿ ತಂದುಬಿಟ್ಟು, ಗಾಡಿ ಹಿಂದಿರುಗಿಸಲು ಹೋದ. ಹೆಣದ ಕಾಲಿಗೆ ಕಟ್ಟಿದ ಚೀಟಿಯಲ್ಲಿ ಸತ್ತವನ ಬದಲು ತಂದವನ ಹೆಸರೇ ಬಿತ್ತು. ಅಷ್ಟರಲ್ಲಿ ಜೋಗಯ್ಯನನ್ನು ಹುಡುಕಿ ಹಾಡಿಯಿಂದಲೂ ಚೀಟಿ ಬಂತು. ಮಂಟಯ್ಯ ಎರಡನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ. ಎಲ್ಲ ಸರಿ. ಜೋಗಯ್ಯ ಸತ್ತಿದ್ದಾನೆ ಎಂದ.

ಜೋಗಯ್ಯನ ಹೆಂಡತಿ ಕೆಂಪಿ ಅತ್ತ ಅಳುವಿಗೆ ಬೇಸಗೆಯಲ್ಲೇ ಕಬಿನಿ ಉಕ್ಕಿತು.

“ಕುಳ್ಳನ ಅವ್ವನೇ ಪಕ್ದಲ್ಲಿ ಕುಂತು ಅವಳ್ಗೆ ಸಮಾಧಾನ ಏಳ್ತಿದ್ಲಂತೆ,” ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ ಮಂಟಯ್ಯ. “ಮಾರ್ನೆ ದಿನ ಜೋಗಯ್ಯ ನಡ್ಕೊಂಡು ಬಂದ. ಆವಾಗ ಗೊತ್ತಾಯ್ತು, ಸಾವು ಯಾರ್ ಮನೇದು ಅಂತ.”

ಅಂದಿನಿಂದ ಪ್ರತಿ ಹೆಣಕ್ಕೂ ಎರಡು ಚೀಟಿ. ಸತ್ತವರ ಹೆಸರಿಗೆ ಕಪ್ಪು ದಾರ, ತಂದವರ ಹೆಸರಿಗೆ ಬಿಳಿ ದಾರ. ತಾನೇ ಕಟ್ಟಿದ್ದರೂ ಮಂಟಯ್ಯ ತನ್ನ ನೆನಪನ್ನು ನಂಬುವುದಿಲ್ಲ. “ಮೊದ್ಲು ದಾರ ನೋಡ್ಬೇಕು ಕಣ್ರೀ. ಅದು ಬ್ಯಾರೆ ಆದ್ರೆ ಅಕ್ಸರ ಒಂದೇ ಆಗಿ ಏನ್ ಬಂತು?”

ಮಲ್ಲಿಗೂ ಆ ಕಥೆ ಗೊತ್ತು. ಹಾಡಿಯಿಂದ ಅವಳನ್ನು ಇಷ್ಟು ದೂರ ನಡೆಸಿಕೊಂಡು ಬಂದದ್ದೂ ಅದೇ.

“ಜೋಗಯ್ಯ ಬರ್ಲಿಲ್ವಾ ತಿರ್ಗ? ನಮ್ಮೋನೂ ಯಾರನ್ನೋ ತಂದ್ಬುಟ್ಟು ಎಲ್ಲೋ ಬೀಡಿ ಸೇದ್ತಾ ಕುಂತವ್ನೆ. ಬರ್ಲಿ ಬುಡು, ಐತೆ ಅವ್ನಿಗೆ!”

ಮಂಟಯ್ಯ ಲಾಂದ್ರ ಹಿಡಿದು ಒಳಗೆ ಹೋಗುತ್ತಾನೆ. ವಾಪಸು ಬರುವಾಗ, ಹೊಸ್ತಿಲಿನವರೆಗಿನ ನಾಲ್ಕು ಮಾರು ನೆಲ ಮೈಸೂರಿಗಿಂತ ದೂರವಾಗುತ್ತದೆ. ಮಲ್ಲಿ ಅವನ ಕೈ ನೋಡುತ್ತಾಳೆ. ಆಮೇಲೆ ಮುಖ ನೋಡುತ್ತಾಳೆ.

“ಬಿಳೀ ದಾರ ಆಗಿದ್ರೆ,” ಎನ್ನುತ್ತಾನೆ ಮಂಟಯ್ಯ, “ಓಡ್ಬತ್ತಿದ್ದೆ ಕಣವ್ವಾ.”