ಅಕ್ಕೋರು ಒತ್ತಿದ ಎರಡನೇ ಸೀಲು

ಮತ ಹಾಕಿ ಬಂದು ವಾರವಾದರೂ ಬೆರಳಿನ ಮಸಿ ಹೋಗಿಲ್ಲ. ಸಿಮೆಂಟು ಕಲಸಿ ಕಲಸಿ ಉಗುರೇ ಸವೆದ ಕೈ ನನ್ನದು, ಮಸಿ ಮಾತ್ರ ಹಾಗೇ ಇದೆ. ಅದನ್ನು ಕಂಡಾಗಲೆಲ್ಲ, ಅಂಥದೇ ಮಸಿಯಲ್ಲಿ ನನ್ನ ಮುಂಗೈಗೆ ಸೀಲು ಒತ್ತಿದ್ದ ನಮ್ಮೂರ ಆಶಾ ಕಾರ್ಯಕರ್ತೆ ನೆನಪಾಗುತ್ತಾರೆ. ಊರೆಲ್ಲ ಅವರನ್ನು ಅಕ್ಕೋರು ಅನ್ನುತ್ತಿತ್ತು.

ಕೊರೊನಾದ ಮೊದಲ ವರ್ಷ. ಪುಣೆಯ ಗೌಂಡಿ ಕೆಲಸ ನಿಂತು, ಆಳಂದ ತಾಲ್ಲೂಕಿನ ನಮ್ಮೂರಿಗೆ ಬಂದಿದ್ದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು; ಆದರೆ ನಾನು ಕಟ್ಟಿದ ಗೋಡೆ ಇವತ್ತಿಗೂ ಒಂದೂ ವಾಲಿಲ್ಲ. ಹದಿನಾಲ್ಕು ದಿನ ಹೊರಗಿನ ಕೋಣೆಯಲ್ಲಿ ಒಬ್ಬನೇ ಇರಬೇಕೆಂದು ಕೈಗೆ ಸೀಲು ಬಿತ್ತು. ಅಕ್ಕೋರು ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು, "ಗೌಂಡಿ, ಜ್ವರಾ ಗಿರಾ ಏನರ ಅದಾವೇನ್ರಿ?" ಎಂದು ಕೇಳುವರು.

ಆಗಲೇ ಅತನೂರಿನಿಂದ ತಂಗಿಯ ಫೋನು ಬಂತು. ಅವಳ ಮಗಳಿಗೆ ಆಗ ಹದಿನಾಲ್ಕು.

"ಸಾಲಿ ಬಂದ್ ಐತಿ, ಹುಡುಗಿ ಮನ್ಯಾಗ ಕುಂತಾಳ. ಮಂದಿಗೆ ಉಣಸೂ ಖರ್ಚೂ ಇಲ್ಲ. ಬರೂ ಶುಕ್ರವಾರ ಲಗ್ನಾ. ಅಷ್ಟೊತ್ತಿಗೆ ನಿನ್ನ ಸೀಲಿನ ದಿನಾನೂ ಮುಗೀತಾವ, ಬಾ ಅಣ್ಣಾ."

ನಮ್ಮ ಮನೆತನದಲ್ಲಿ ಸೋದರಮಾವ ಬಾಸಿಂಗ ಕಟ್ಟಿ, ಕೈಹಿಡಿದು ಕರೆತರದೆ ಹುಡುಗಿ ಲಗ್ನದ ಅಕ್ಕಿಕಾಳಿಗೆ ನಿಲ್ಲುವುದಿಲ್ಲ. ಈ ಹುಡುಗಿಗೆ ಇದ್ದ ಸೋದರಮಾವ ನಾನೊಬ್ಬನೇ.

ಸಂಜೆ ಅದೇ ಫೋನಿನಿಂದ ಹುಡುಗಿ ದನಿ ತಗ್ಗಿಸಿ ಮಾತಾಡಿದಳು. ಯಾವಾಗ ಬರ್ತಿ ಮಾಮಾ ಎಂದು ಪ್ರತಿ ಸಲ ಜೀವ ತಿನ್ನುತ್ತಿದ್ದವಳು... "ಮಾಮಾ, ನೀ ಬರಬ್ಯಾಡ. ನಾ ಸಾಲಿಗೆ ಹೋಗಬೇಕು" ಎಂದವಳೇ ಇಟ್ಟುಬಿಟ್ಟಳು.

ಹೋದರೆ ಹುಡುಗಿಯ ಬಾಳು ಹಾಳು, ಹೋಗದಿದ್ದರೆ ಒಡಹುಟ್ಟಿದವಳು ದೂರ. ಮರುದಿನ ಅಕ್ಕೋರ ಮುಂದೆ ಎಲ್ಲ ಹೇಳಿದೆ.

"ಮಕ್ಕಳ ಸಹಾಯವಾಣಿಗೆ ನಾ ಹೇಳತೇನಿ. ಅವರು ಅತನೂರ ಮುಟ್ಟೂತನಾ ನೀವು ಹೊಸ್ತಿಲಾ ದಾಟಬ್ಯಾಡ್ರಿ" ಎಂದರು.

"ದಿನಾ ಮುಗದ ಮ್ಯಾಲ ತಂಗಿಗೆ ಏನಂತ ಹೇಳ್ಲಿರಿ?" ಅನ್ನುವಷ್ಟರಲ್ಲಿ ಕೆಮ್ಮು ಬಂತು. "ಇದು ಸಿಮೆಂಟಿನ ಕೆಮ್ಮರಿ, ಹಳೇದು."

"ಸಿಮೆಂಟಿಂದೋ ಕೊರೊನಾದ್ದೋ, ನಾ ಏನ್ ಡಾಕ್ಟರೇನ್ರಿ? ಕೈ ಚಾಚ್ರಿ."

ಮಾಸುತ್ತಿದ್ದ ಸೀಲಿನ ಪಕ್ಕ ಹೊಸದು ಬಿತ್ತು; ಮತ್ತೆ ಹದಿನಾಲ್ಕು ದಿನ. ಮಾಸ್ಕಿನ ಮೇಲೆ ಅವರ ಕಣ್ಣುಗಳು ನಗುತ್ತಿದ್ದವು. "ಇನ್ನೊಂದೀಟು ಜೋರ್ ಕೆಮ್ಮರಿ ಗೌಂಡಿ, ಓಣಿಗೆಲ್ಲಾ ಕೇಳ್ಲಿ."

ಹೊಸ ಸೀಲಿನ ಸುದ್ದಿ ಫೋನಿನಲ್ಲಿ ಹೇಳಿದರೆ, "ತುಂಬು ತೋಳಿನ ಅಂಗಿ ಹಾಕ್ಕೊಂಡು ಬಾ, ಸೀಲ್ ಯಾರಿಗೆ ಕಾಣತದ?" ಎಂದಳು ತಂಗಿ. ನಾನು ಕೆಮ್ಮಿದೆ. ಆದರೂ ಜೀವಕ್ಕೆ ಸಮಾಧಾನವಿಲ್ಲ. ಬೇರೆ ಯಾರಾದರೂ ಬಾಸಿಂಗ ಕಟ್ಟಿದರೆ? ಘತ್ತರಗಿಗೆ ಕರೆದೊಯ್ದು ಗುಡಿಯಲ್ಲೇ ತಾಳಿ ಕಟ್ಟಿಸಿದರೆ? ಗಾಡಿಯ ಸದ್ದಾದರೂ ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಫೋನು ಕೈಯಿಂದ ಕೆಳಗಿಡಲಿಲ್ಲ...

ಶುಕ್ರವಾರ ಮಧ್ಯಾಹ್ನ ಅಕ್ಕೋರು ಬಂದರು. ಜ್ವರ ಕೇಳಲಿಲ್ಲ. "ಬಾಸಿಂಗಕ್ಕ ನಿಮ್ಮ ಹಾದೀನ ಕಾಯಾಕತ್ತಿದ್ರಂತ. ಅಷ್ಟರಾಗ ಅಧಿಕಾರಿಗಳು ಮುಟ್ಯಾರ. ಹದಿನೆಂಟು ತುಂಬೂತನಾ ಮಾಡೂದಿಲ್ಲಂತ ನಿಮ್ಮ ತಂಗಿ ಬರಕೊಟ್ಟಾಳ."

ಸಂಜೆ ತಂಗಿಯ ಫೋನು. "ನಿನ್ನ ಕೆಮ್ಮಿಗಿಷ್ಟು ಬೆಂಕಿ ಹಚ್ಚ!" ಅಷ್ಟೇ. ಆಮೇಲೆ ಬಹಳ ದಿನ ಪಂಚಮಿಗೂ ಅವಳು ತವರಿಗೆ ಬರಲಿಲ್ಲ.

ಮರುವರ್ಷ ರೋಗ ಮತ್ತೆ ಬಂದಾಗ ಅಕ್ಕೋರು ಹಾಗೇ ಮನೆಮನೆ ತಿರುಗಿದರು. ಒಂದು ದಿನ ಅವರನ್ನೇ ಕಲಬುರಗಿಯ ದವಾಖಾನೆಗೆ ಕರೆದೊಯ್ದರು; ಜೀವಂತ ತಿರುಗಿ ಬರಲಿಲ್ಲ. ನಾನಾಗ ಪುಣೆಯಲ್ಲಿದ್ದೆ... ಮಣ್ಣಿಗೂ ಬರಲಾಗಲಿಲ್ಲ.

ನಿನ್ನೆ ತಂಗಿಯ ಮಗಳು ಅತನೂರಿನಿಂದ ನಮ್ಮೂರಿಗೆ ಬಂದಿದ್ದಳು. ಈಗ ಕಾಲೇಜಿನ ಹುಡುಗಿ. ನನ್ನ ಬೆರಳಿನ ಪಕ್ಕ ತನ್ನ ಬೆರಳಿಟ್ಟು, "ಮಾಮಾ, ನಂದು ಮೊದಲ್ನೇ ಓಟು. ನಿಂದಕ್ಕಿಂತ ಗಾಢ ಐತಿ ನೋಡು" ಎಂದಳು. ಆಮೇಲೆ, "ಅಕ್ಕೋರ ಮನಿ ಯಾವುದು?" ಎಂದು ಕೇಳಿದಳು.

ಬೀಗ ಹಾಕಿದ ಬಾಗಿಲು ತೋರಿಸಿದೆ. ಅವರು ಇಲ್ಲವೆಂದು ಹೇಳಬೇಕೆಂದಾಗ ಕೆಮ್ಮು ಬಂತು. ಅಂಗಳದಲ್ಲಿ ನಿಂತು ಜ್ವರ ಕೇಳುವವರು ಯಾರೂ ಇರಲಿಲ್ಲ.