ಗಾಳಿ ಟಾಕಿಗೆ ಕುಸುಬಿ ಎಣ್ಣೆ

ನಾಲತವಾಡದಲ್ಲಿ ಖಂಡೇನವಮಿಯ ಆಯುಧಪೂಜೆಯ ಮರುದಿನ ಬೆಳಗಾಗುತ್ತಿದೆ. ಹೆರಿಗೆ ಮನೆಯ ಆಯಾ ಜೈತುನಬಿ ಕಸಬರಿಗೆ ಕೆಳಗಿಟ್ಟು, ಇಲ್ಲಿನವರು ಗಾಳಿ ಟಾಕಿ ಎನ್ನುವ ಆಕ್ಸಿಜನ್ ಸಿಲಿಂಡರಿನ ಮುಂದೆ ನಿಂತುಬಿಟ್ಟಿದ್ದಾರೆ. ಅದರ ಕೊರಳಿಗೆ ಚೆಂಡುಹೂವಿನ ಮಾಲೆ, ಮೈಗೆ ಕುಂಕುಮ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಸಿಲಿಂಡರಿನ ಬಾಯಿಯ ಸುತ್ತ ಏನೋ ಮಿನುಗುತ್ತಿದೆ. ಬೆರಳಿನಿಂದ ಮುಟ್ಟಿ ಮೂಸುತ್ತಾರೆ. ಕುಸುಬಿ ಎಣ್ಣೆ.

"ಇದನ್ನ ಯಾರ್ ಹಚ್ಚೀರಿ?"

ಜೈತುನಬಿಯ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಪಡಸಾಲೆಯಲ್ಲಿದ್ದೇನೆ; ನನ್ನ ಪಕ್ಕ ಕುಳಿತಿದ್ದ ಹುಚ್ಚವ್ವ ಎದ್ದು ನಿಲ್ಲುತ್ತಾರೆ. ಒಳಗೆ ಹೆರಿಗೆ ನೋವು ತಿನ್ನುತ್ತಿರುವ ಶೇವಂತೆವ್ವ ಅವರ ಸೊಸೆ. "ನಾನಽ ಯವ್ವಾ. ನಿನ್ನಿ ಹಬ್ಬ ಇತ್ತಲ್ಲ? ಕುಡಗೋಲಿಗೆ ಹಚ್ಚತೇವಿ, ನೇಗಿಲಕ್ಕ ಹಚ್ಚತೇವಿ. ಇದು ನನ್ನ ಮೊಮ್ಮಗನ್ನ ಕಾಯೂ ಕಬ್ಬಿಣ. ತಿರುವೂ ಮುಂದ ಬಿಗಿ ಆಗಬಾರದಂತ ಬಾಯಿಗೂ ಒಂದೀಟು ಸವರಿದೆ."

ಇಂಥ ಭಕ್ತಿಯನ್ನು ಬೈಯುವುದಾದರೂ ಹೇಗೆ? ಆದರೆ ಎಣ್ಣೆ ಹತ್ತಿದ ಬಾಯಿಯಿಂದ ಆಕ್ಸಿಜನ್ ಬಿಟ್ಟರೆ ಬೆಂಕಿ ಏಳಬಹುದು; ಒರೆಸಿದರೂ ಸಂದುಗಳಲ್ಲಿ ಜಿಡ್ಡು ಉಳಿದಿರುತ್ತದೆ. ಜೈತುನಬಿ ಒಳಗೆ ಓಡಿ ನರ್ಸ್ ಇಂದ್ರಾಬಾಯಿಗೆ ಸುದ್ದಿ ಮುಟ್ಟಿಸುತ್ತಾರೆ. "ಇದ್ದದ್ದು ಅದೊಂದಽ ಟಾಕಿ," ಎನ್ನುತ್ತಾರೆ ಇಂದ್ರಾಬಾಯಿ. "ಕೂಸು ತಾನಽ ಅತ್ತರ ಅದರ ಗರಜಿಲ್ಲ. ನೀ ಅರಿವಿ ಕಾಯಿಸು."

ಎಲ್ಲರೂ ಆ ಅಳುವಿಗಾಗಿ ಕಿವಿಗೊಟ್ಟು ಕೂತಿದ್ದೇವೆ.

ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದ ಜೈತುನಬಿ ಈಗ ಸಿಲಿಂಡರಿನ ಕಾವಲುಗಾರ್ತಿಯೂ ಹೌದು. ಅದನ್ನು ತೆರೆಯುವ ಚಾವಿ ಸದಾ ಅವರ ಸೆರಗಿನ ಗಂಟಿನಲ್ಲಿರುತ್ತದೆ. ತಲೆಗೆ ಎಣ್ಣೆ ಹಚ್ಚಿದ ದಿನ ಸೋಪಿನಿಂದ ಕೈ ತೊಳೆಯದೆ ಅದನ್ನು ಮುಟ್ಟುವುದಿಲ್ಲ. ಸಿಲಿಂಡರ್ ಖಾಲಿಯಾದರೆ ಚಕ್ಕಡಿಯಲ್ಲಿ ಮುದ್ದೇಬಿಹಾಳಕ್ಕೆ ಒಯ್ದು, ಕಂಡಕ್ಟರನನ್ನು ಕಾಡಿ ಬೇಡಿ ವಿಜಾಪುರದ ಬಸ್ಸಿನ ಮೇಲೆ ಹೇರಿಸುತ್ತಾರೆ. "ತುಂಬಿದ್ದು ತಿರುಗಿ ಬರೂತನಾ ನನಗ ರೊಟ್ಟಿ ಇಳಿಯೂದಿಲ್ರಿ," ಎಂದು ನಿನ್ನೆಯಷ್ಟೇ ನನಗೆ ಹೇಳಿದ್ದರು. "ನನ್ನ ಚೊಚ್ಚಲ ಕೂಸು ಅಳಲಿಲ್ರಿ. ಮಂದಿ ಕಿವಿ ಮುಂದ ತಾಟು ಬಾರಿಸಿದ್ರು, ತಣ್ಣೀರು ಹೊಡದ್ರು. ಉಸರು ಕೊಡೂದು ಯಾರಿಗೂ ಗೊತ್ತಿರಲಿಲ್ಲ."

ಶೇವಂತೆವ್ವನ ಚೀರಾಟ ನಿಲ್ಲುತ್ತದೆ. ಕೂಸು ಬಂದಿದೆ, ಅಳು ಬಂದಿಲ್ಲ.

ಅರೆತೆರೆದ ಬಾಗಿಲಿನಿಂದ ಕೂಸಿನ ನೀಲಿ ಕಾಲು ಕಾಣುತ್ತದೆ. ಹುಚ್ಚವ್ವ ಒಳನುಗ್ಗಿ ಜೈತುನಬಿಯ ಸೆರಗಿಗೆ ಕೈ ಹಾಕುತ್ತಾರೆ. "ಟಾಕಿ ತಗಿಯವಾ! ನಿನ್ನ ಕಾಲು ಹಿಡೀತೇನಿ!"

"ತಗಿಯೂದಿಲ್ಲಬೇ!" ಜೈತುನಬಿ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ. "ಬೆಂಕಿ ಹತ್ತಿದ್ರ ತಾಯಿನೂ ಹೋಗ್ತಾಳ, ಕೂಸೂ ಹೋಗ್ತದ."

ಇಂದ್ರಾಬಾಯಿ ಬಗ್ಗಿ ಕೂಸಿನ ಬಾಯಿ ಮೂಗಿನ ಮೇಲೆ ತಮ್ಮ ಬಾಯಿ ಇಟ್ಟು, ಕೆನ್ನೆಯಲ್ಲಿ ತುಂಬಿಕೊಂಡಷ್ಟೇ ಗಾಳಿಯನ್ನು ಮೆಲ್ಲಗೆ ಊದುತ್ತಾರೆ. ಪುಟ್ಟ ಎದೆ ಏರುತ್ತದೆ, ಇಳಿಯುತ್ತದೆ. ಜೈತುನಬಿ ಕಾಸಿದ ಅರಿವೆಯಿಂದ ಮೈ ಒರೆಸುತ್ತ, ತಲೆ ಹೊರಳದಂತೆ ಹಿಡಿದಿದ್ದಾರೆ. ಮತ್ತೆ ಊದು. ಮತ್ತೆ. ಹುಚ್ಚವ್ವ ಗೋಡೆಗೆ ಹಣೆ ಹಚ್ಚಿ ನಿಂತಿದ್ದಾರೆ.

ಮೊದಲು ಒಂದು ಬಿಕ್ಕು. ಆಮೇಲೆ ಪಡಸಾಲೆಯ ಪಾರಿವಾಳಗಳು ಹಾರಿಹೋಗುವಂಥ ಅಳು. ಇದ್ದವರೆಲ್ಲ ಅಳುತ್ತಿದ್ದೇವೆ, ನಾನೂ.

ಬಿಸಿಲು ಬಂದ ಮೇಲೆ ಜೈತುನಬಿ, ಎಣ್ಣೆ ತೆಗೆಸಿ ತರಲು ಸಿಲಿಂಡರನ್ನು ವಿಜಾಪುರಕ್ಕೆ ಕಳಿಸಬೇಕೆಂದು ಚಕ್ಕಡಿಗೆ ಹೇಳಿಬರುತ್ತಾರೆ. ತಲೆತಗ್ಗಿಸಿ ಕೂತ ಹುಚ್ಚವ್ವನ ಮಡಿಲಿಗೆ ಕೂಸನ್ನಿಟ್ಟು, "ಬರೂ ವರ್ಷ ಹೂವಷ್ಟಽ ಏರಸ್ರಿ," ಎನ್ನುತ್ತಾರೆ.

ನಿಮಗೇನು ಬೇಕು ಎಂದು ಜೈತುನಬಿಯನ್ನು ಕೇಳುತ್ತೇನೆ. ಸೆರಗಿನ ಗಂಟನ್ನು ಮತ್ತೊಮ್ಮೆ ಬಿಗಿಯುತ್ತಾರೆ.

"ತುಂಬಿದ ಟಾಕಿ ತುಂಬಿದಂಗಽ ಇರಲ್ರಿ. ಹುಟ್ಟಿದ ಕೂಸೆಲ್ಲ ತಾವಽ ಅಳಲಿ. ನಾ ಬರೇ ಅದರ ಧೂಳಾ ಒರಸ್ಕೊಂತ ಮುದುಕಿ ಆಗ್ತೇನಿ."