ಕೊನೆಯ ಸಾಲಿನ ಹೆಸರು

ಸಂಗೀತ ಮೇಳದ ಪೋಸ್ಟರಿಗೆ ಕೈಯಲ್ಲೇ ಹೆಸರು ಬರೆಯುವ ಅಕ್ಷರದಣ್ಣ ಕೆಲಸಕ್ಕೆ ಕೂತರೆ ಅರ್ಧ ಕಣ್ಣು ಮುಚ್ಚಿಯೇ ಕೂರುತ್ತಾನೆ. ಒಬ್ಬೊಬ್ಬರ ಹಾಡನ್ನು ಜನ ಫೋನಿನಲ್ಲಿ ಎಷ್ಟು ಸಲ ಕೇಳಿದ್ದಾರೆಂಬ ಪಟ್ಟಿ ಮೇಳದವರಿಂದ ಬಂದಿರುತ್ತದೆ. ಕೋಟಿ ದಾಟಿದವರಿಗೆ ಅಂಗೈಯಗಲದ ಅಕ್ಷರ, ಲಕ್ಷದವರಿಗೆ ಬೆರಳುದ್ದ, ಸಾವಿರದವರಿಗೆ ಇರುವೆ ಸಾಲು, ಅದಕ್ಕಿಂತ ಕಡಿಮೆಯಾದರೆ ಮೇಳದಲ್ಲಿ ಜಾಗವೇ ಇಲ್ಲ. ಆದರೂ ಎಲ್ಲರ ಹಾಡನ್ನೂ ತಾನು ಕೇಳದೆ ಅವನು ಕುಂಚ ಅದ್ದುವವನಲ್ಲ. "ಎಷ್ಟು ಸಲ ಕೇಳಿದ್ರು ಅಂತ ಬರೀತಾರೆ, ಎಷ್ಟು ಜನ ಕೈಲಿದ್ದ ಕೆಲಸ ಬಿಟ್ಟು ನಿಂತ್ರು ಅಂತ ಬರಿಯಲ್ಲ" ಎಂದು ಗೊಣಗುತ್ತಾನೆ. ಜೋಗುಳ ಕೇಳಿದ ದಿನ ಅವನ ಅಕ್ಷರಗಳೂ ತೂಕಡಿಸಿ ಒಂದರ ಮೇಲೊಂದು ವಾಲುತ್ತವೆ. ಕೊಳಲು ಕೇಳಿದ ದಿನ ಹೆಸರುಗಳೊಳಗಿನ ಸೊನ್ನೆಗಳು ಗುಳ್ಳೆಗಳಂತೆ ಕಾಗದ ಬಿಟ್ಟು ಏಳುತ್ತವೆ, ಒಂದೆರಡು ಕಿಟಕಿಯಾಚೆ ಹಾರಿಹೋದದ್ದೂ ಉಂಟೆಂದು ಆಣೆ ಮಾಡಿ ಹೇಳುತ್ತಾನೆ. ಕೊನೆಯ ಸಾಲಿನ ಕೊನೆಯ ಹೆಸರು ಮಾತ್ರ ಪ್ರತಿ ವರ್ಷವೂ ಒಂದೇ, ಮಧ್ಯಾಹ್ನದ ಖಾಲಿ ಮೈದಾನದೆದುರು ಎಲ್ಲರಿಗಿಂತ ಮೊದಲು ಹಾಡುವ ಅವನ ಅಕ್ಕನದು. ಅದನ್ನು ಉಸಿರು ಬಿಗಿಹಿಡಿದು ಎಲ್ಲಕ್ಕಿಂತ ಸಣ್ಣ ಕುಂಚದಲ್ಲಿ ಬರೆಯುತ್ತಿರುವಾಗಲೇ ಅಕ್ಕನ ಫೋನ್ ಬರುತ್ತದೆ. "ಈ ಸಲಾನೂ ಸಾವಿರ ದಾಟಿದೆಯಂತೆ ಕಣೋ. ಈ ವಯಸ್ಸಲ್ಲಿ ನನ್ನ ಹಾಡು ಯಾರು ಕೇಳ್ತಾರೋ ಏನೋ." "ಯಾರೋ ಕೆಲಸ ಇಲ್ದೋರು ಇರ್ತಾರೆ ಬಿಡಕ್ಕ" ಎನ್ನುತ್ತಾನೆ ಅವನು, ಮೇಜಿನ ಡ್ರಾಯರಿನಲ್ಲಿ ವರ್ಷವಿಡೀ ಅವಳ ಹಾಡನ್ನೇ ಮತ್ತೆ ಮತ್ತೆ ಹಾಡುತ್ತಿರುವ ಹಳೆಯ ಫೋನಿನ ದನಿ ಅವಳಿಗೆ ಕೇಳಿಸದಂತೆ, ಡ್ರಾಯರನ್ನು ಮೆಲ್ಲಗೆ ಮುಚ್ಚುತ್ತಾ.